ಹತ್ತಿದ ಮೀನೆಷ್ಟು? ಅಲಾಸ್ಕಾದ ಸಾಲ್ಮನ್ ಸೀಸನ್ ಲೆಕ್ಕ ಇಡುವ ಬಗೆ

ಹತ್ತುಮೀನು ಅಂದರೆ ಏನು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮುಂಗಾರಿನ ಮೊದಲ ಜೋರು ಮಳೆ ಹೊಡೆದ ರಾತ್ರಿ ಹೊಳೆಯ ಮೀನು ಹೊಸ ನೀರಿಗೆ ಎದುರಾಗಿ ಹಳ್ಳ ಹತ್ತಿ ಗದ್ದೆ ಬಯಲಿಗೆ ಬರುತ್ತವೆ, ಮೊಟ್ಟೆ ಇಡೋಕೆ. ಊರಿನ ಅರ್ಧ ಗಂಡಸರು ಬ್ಯಾಟರಿ, ಕತ್ತಿ, ಕೂಣಿ ಹಿಡಿದು ಅಲ್ಲೇ ಕಾದಿರುತ್ತಾರೆ. ಹುಡುಗನಾಗಿದ್ದಾಗ ನಾನೂ ಹೋಗಿದ್ದೇನೆ. ಮರುದಿನ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಎಷ್ಟು ಸಿಕ್ತು? ಎಷ್ಟು ಮೀನು ಮೇಲೆ ಹತ್ತಿದವು ಅಂತ ಯಾರಾದರೂ ಕೇಳಿದ್ದು ನನಗಂತೂ ನೆನಪಿಲ್ಲ.

ಈಗ ನಾನಿರುವುದು ಸಿಯಾಟಲ್ ಹತ್ತಿರ. ಜೂನ್ ಬಂತೆಂದರೆ ಇಲ್ಲೂ ಹತ್ತುಮೀನಿನ ಕಾಲ. ಇಲ್ಲಿ ಹತ್ತುವುದು ಸಾಲ್ಮನ್, ಸಮುದ್ರದಲ್ಲಿ ಬೆಳೆದು ಮೊಟ್ಟೆ ಇಡೋಕೆ ನದಿಗೆ ಮರಳುವ ಮೀನು. ಆದರೆ ಇಲ್ಲಿಂದ ಉತ್ತರಕ್ಕೆ ಅಲಾಸ್ಕಾದಲ್ಲಿ ಆಟದ ನಿಯಮ ತಲೆಕೆಳಗು. ಮೊದಲ ಪ್ರಶ್ನೆಯೇ 'ಎಷ್ಟು ಹತ್ತಿದವು'. ಅದಕ್ಕೆ ಉತ್ತರ ಸಿಕ್ಕ ಮೇಲೆಯೇ ಬಲೆ ನೀರಿಗೆ. ಕೆಲವೊಮ್ಮೆ ಬೆಳಿಗ್ಗೆ ಎಣಿಸಿದ ಮೀನು ಮಧ್ಯಾಹ್ನದ ಮೀನುಗಾರಿಕೆಯನ್ನು ತೆರೆಸುತ್ತದೆ ಅಥವಾ ನಿಲ್ಲಿಸುತ್ತದೆ. ಈ ಲೆಕ್ಕವೆಲ್ಲ ದಿನಾ ಅಂತರ್ಜಾಲದಲ್ಲಿ ಸಾರ್ವಜನಿಕವಾಗಿ ಬರುತ್ತದೆ. ದಿನಕ್ಕೆ ಹತ್ತು ನಿಮಿಷ ಕೊಟ್ಟರೆ ಮೈಸೂರಲ್ಲಿ ಕೂತವರೂ ಹಿಂಬಾಲಿಸಬಹುದು. ನಾನು ಕೆಲವು ವರ್ಷಗಳಿಂದ ಇದನ್ನು ಮಾಡುತ್ತಿದ್ದೇನೆ. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ. ಬೇಕಾಗಿರುವುದು ಒಂದು ಫೋನು, ಒಂದು ಚೌಕಳಿ ಪುಸ್ತಕ, ಪೆನ್ಸಿಲ್ಲು. ಅಳಿಸೋದು ಜಾಸ್ತಿ ಇರುತ್ತದೆ, ಹಾಗಾಗಿ ಪೆನ್ನು ಬೇಡ.

ಹೆಜ್ಜೆ 1: ಒಂದೇ ಒಂದು ನದಿ ಆರಿಸಿಕೊಳ್ಳಿ

ಸಾಲ್ಮನ್ ಹತ್ತುವ ನದಿಗಳಿಗೆ ಲೆಕ್ಕವಿಲ್ಲ. ಎಲ್ಲವನ್ನೂ ನೋಡುತ್ತೇನೆ ಅಂತ ಹೊರಟರೆ ಮೂರನೇ ದಿನಕ್ಕೆ ಪುಸ್ತಕ ಮೂಲೆ ಸೇರುತ್ತದೆ. ಕಲಿಯೋಕೆ ಒಳ್ಳೆಯ ಜಾಗ ಅಲಾಸ್ಕಾದ ನೈಋತ್ಯ ಮೂಲೆಯ ಬ್ರಿಸ್ಟಲ್ ಬೇ. ಸಾಕೈ ಎಂಬ ಸಾಲ್ಮನ್ ಜಗತ್ತಿನಲ್ಲೇ ಅತಿ ಹೆಚ್ಚು ಬರುವುದು ಇಲ್ಲಿಗೆ. 2022ರಲ್ಲಿ ಸುಮಾರು 7.9 ಕೋಟಿ ಮೀನು ಬಂದವು, ಅದು ದಾಖಲೆ. ಅದರಲ್ಲಿ ಸುಮಾರು 6 ಕೋಟಿ ಬಲೆಗೆ ಸಿಕ್ಕವು, ಉಳಿದವು ನದಿ ಹತ್ತಿದವು. ಇಷ್ಟೂ ಮೀನಿನ ಬಹುಪಾಲು ಬಂದು ಹೋಗುವುದು ನಾಲ್ಕೈದು ವಾರದಲ್ಲಿ. ತುತ್ತತುದಿ ಜುಲೈ 4ರ ಆಸುಪಾಸು. ಚಿಕ್ಕ ಸೀಸನ್, ದೊಡ್ಡ ಸಂಖ್ಯೆ, ಸ್ವಚ್ಛ ಲೆಕ್ಕ. ಹೊಸಬರಿಗೆ ಇದಕ್ಕಿಂತ ಒಳ್ಳೆ ಪಾಠಶಾಲೆ ಇಲ್ಲ.

ಬ್ರಿಸ್ಟಲ್ ಬೇಯನ್ನು ಐದು ಮೀನುಗಾರಿಕೆ ಜಿಲ್ಲೆಗಳಾಗಿ ಹಂಚಿದ್ದಾರೆ: ನಾಕ್ನೆಕ್-ಕ್ವೀಜ್ಯಾಕ್, ಎಗೆಗಿಕ್, ಉಗಾಶಿಕ್, ನುಶಗಾಕ್, ಟೋಗಿಯಾಕ್. ಮೊದಲ ವರ್ಷ ಎಗೆಗಿಕ್ ಹಿಡಿಯಿರಿ. ಒಂದು ಜಿಲ್ಲೆ, ಮುಖ್ಯವಾಗಿ ಒಂದು ನದಿ, ಗೊಂದಲ ಕಡಿಮೆ. ನಾಕ್ನೆಕ್-ಕ್ವೀಜ್ಯಾಕ್ ಕಡೆ ಒಂದೇ ಬಾಯಿಗೆ ಹಲವು ನದಿಗಳು ಸೇರುತ್ತವೆ. ಬಲೆಗೆ ಬಿದ್ದ ಮೀನು ಯಾವ ನದಿಗೆ ಹೊರಟಿತ್ತು ಅನ್ನೋದೇ ಅಲ್ಲಿ ದೊಡ್ಡ ಜಗಳ. ಅದು ಎರಡನೇ ವರ್ಷಕ್ಕಿರಲಿ.

ಅಮೆರಿಕದ ಪಟ್ಟಿಗಳೆಲ್ಲ ಮಿಲಿಯನ್‌ನಲ್ಲಿರುತ್ತವೆ. ಒಂದು ಮಿಲಿಯನ್ ಅಂದರೆ ಹತ್ತು ಲಕ್ಷ. ಪುಸ್ತಕದಲ್ಲಿ ಲಕ್ಷದಲ್ಲೇ ಬರೆದುಕೊಳ್ಳಿ, ತಲೆಗೆ ಬೇಗ ಹತ್ತುತ್ತದೆ. ಬೇಸಿಗೆಯಲ್ಲಿ ಅಲಾಸ್ಕಾ ನಮ್ಮ ಊರಿಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ 6 ಅಂದರೆ ಭಾರತದಲ್ಲಿ ಮರುದಿನ ಬೆಳಿಗ್ಗೆ ಏಳೂವರೆ. ಕಾಫಿ ಹೊತ್ತಿಗೆ ಸರಿಯಾಗಿ ಅಲ್ಲಿನ ಸಂಜೆಯ ಸುದ್ದಿ ಸಿಗುತ್ತದೆ.

ಹೆಜ್ಜೆ 2: ಸೀಸನ್‌ಗೆ ಮೊದಲು ಎರಡು ಸಂಖ್ಯೆ ಬರೆದಿಡಿ

ಮೊದಲನೆಯದು ಎಸ್ಕೇಪ್‌ಮೆಂಟ್ ಗುರಿ. ಬಲೆ ತಪ್ಪಿಸಿಕೊಂಡು ನದಿ ಹತ್ತಿದ ಮೀನಿಗೆ ಎಸ್ಕೇಪ್‌ಮೆಂಟ್ ಅನ್ನುತ್ತಾರೆ. ನನ್ನ ಪುಸ್ತಕದಲ್ಲಿ ಅದರ ಹೆಸರು ಸುಮ್ನೆ 'ಹತ್ತಿದ್ದು'. ಪ್ರತಿ ನದಿಗೂ ಇಷ್ಟರಿಂದ ಇಷ್ಟರವರೆಗೆ ಹತ್ತಬೇಕು ಅಂತ ಗುರಿ ಇದೆ. ಎಗೆಗಿಕ್‌ಗೆ 8 ಲಕ್ಷದಿಂದ 20 ಲಕ್ಷ. ಕ್ವೀಜ್ಯಾಕ್ ದೊಡ್ಡ ನದಿ, ಇಲಿಯಾಮ್ನಾ ಎಂಬ ಸಮುದ್ರದಂಥ ಸರೋವರದಿಂದ ಹೊರಡುತ್ತದೆ. ಅದಕ್ಕೆ 20 ಲಕ್ಷದಿಂದ 1 ಕೋಟಿ. ಕೆಳಗಿನ ಗೆರೆ ಯಾಕೆ ಅಂತ ಎಲ್ಲರಿಗೂ ಅರ್ಥವಾಗುತ್ತದೆ. ಮೇಲಿನ ಗೆರೆ ಯಾಕೆ? ಸಾಕೈ ಮರಿಗಳು ಸಮುದ್ರಕ್ಕೆ ಇಳಿಯುವ ಮೊದಲು ಒಂದೆರಡು ವರ್ಷ ಸರೋವರದಲ್ಲೇ ಬೆಳೆಯುತ್ತವೆ. ಮರಿ ಅತಿಯಾದರೆ ಅಲ್ಲಿನ ಮೇವು ಸಾಲುವುದಿಲ್ಲ. ಜೊತೆಗೆ ಹಿಡಿಯಬಹುದಾಗಿದ್ದ ಮೀನನ್ನು ಬಿಟ್ಟರೆ ಮೀನುಗಾರರ ಹೊಟ್ಟೆ ಉರಿಯುತ್ತದೆ. ಹೊಟ್ಟೆಯ ಮಾತು ಪಟ್ಟಿಯಲ್ಲಿ ಬರೆದಿರುವುದಿಲ್ಲ, ಆದರೂ ಅದು ಗಟ್ಟಿ ಕಾರಣವೇ.

ಎರಡನೆಯದು ಮುನ್ಸೂಚನೆ. ಈ ವರ್ಷ ಎಷ್ಟು ಬರಬಹುದು ಅಂತ ಅಲಾಸ್ಕಾದ ಮೀನು ಮತ್ತು ಬೇಟೆ ಇಲಾಖೆ ಹಿಂದಿನ ಚಳಿಗಾಲದ ಹೊತ್ತಿಗೇ ಅಂದಾಜು ಕೊಡುತ್ತದೆ. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರದ್ದೂ ಒಂದು ಅಂದಾಜು ಇರುತ್ತದೆ. ಇದು ಪಂಚಾಂಗ ನೋಡಿ ಹೇಳುವ ಮಾತಲ್ಲ. ಮೀನಿನ ಮೈಮೇಲಿನ ಹುರುಪೆಯಲ್ಲಿ ಮರದ ಕಾಂಡದ ಹಾಗೆ ವರ್ಷದ ಬಳೆಗಳಿರುತ್ತವೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ಓದಿ ವಯಸ್ಸನ್ನು '1.2', '2.3' ಅಂತ ಬರೆಯುತ್ತಾರೆ. ಚುಕ್ಕೆಯ ಎಡಕ್ಕೆ ಸಿಹಿನೀರಲ್ಲಿ ಕಳೆದ ಚಳಿಗಾಲಗಳು, ಬಲಕ್ಕೆ ಸಮುದ್ರದಲ್ಲಿ ಕಳೆದವು. ಇದು ಗೊತ್ತಾದರೆ ಒಂದು ಸೊಗಸಾದ ಉಪಾಯ ಕೈಗೆ ಬರುತ್ತದೆ. ಒಂದೇ ವರ್ಷ ಹುಟ್ಟಿದ ಅಣ್ಣತಮ್ಮಂದಿರಲ್ಲಿ ಕೆಲವರು ಸಮುದ್ರದಲ್ಲಿ ಎರಡು ವರ್ಷ ಇದ್ದು ಮರಳುತ್ತಾರೆ, ಕೆಲವರು ಮೂರು. ಹೋದ ವರ್ಷ ಎರಡು ವರ್ಷದವರು ಜಾಸ್ತಿ ಬಂದಿದ್ದರೆ, ಈ ವರ್ಷ ಅವರದೇ ಗುಂಪಿನ ಮೂರು ವರ್ಷದವರು ಜಾಸ್ತಿ ಬರುವ ಸಾಧ್ಯತೆ ಇದೆ.

ಆದರೂ ಮುನ್ಸೂಚನೆಯನ್ನು ನಂಬಿ ಮಗಳ ಮದುವೆ ಗೊತ್ತು ಮಾಡಬೇಡಿ. 2022ರಲ್ಲಿ ಬ್ರಿಸ್ಟಲ್ ಬೇಯ ಅಂದಾಜು ಸುಮಾರು 7.5 ಕೋಟಿ ಇತ್ತು, ಬಂದದ್ದು 7.9. ಹೆಚ್ಚುಕಡಿಮೆ ಸರಿ. ಕೆನಡಾದ ಫ್ರೇಸರ್ ನದಿಯಲ್ಲಿ 2009ರಲ್ಲಿ ಸುಮಾರು 1 ಕೋಟಿ ಸಾಕೈ ಬರುತ್ತದೆ ಅಂದರು, ಬಂದದ್ದು ಸುಮಾರು 15 ಲಕ್ಷ. ಅದಕ್ಕೊಂದು ವಿಚಾರಣಾ ಆಯೋಗವೇ ಕೂತಿತು. ಮರು ವರ್ಷ 2010ರಲ್ಲಿ ಅದೇ ನದಿಗೆ ಎರಡೂವರೆ ಕೋಟಿಗೂ ಮೀರಿ ಮೀನು ಬಂತು. ಅಂದಾಜು ಹಾಕಿದವರ ಮುಖ ಹೇಗಿದ್ದಿರಬೇಕು ಅಂತ ಆಗಾಗ ನೆನೆಸಿಕೊಳ್ಳುತ್ತೇನೆ. ಅಂದಾಜು ಇಷ್ಟು ಜಾರುವ ವಸ್ತು ಆಗಿರುವುದರಿಂದಲೇ ಸೀಸನ್ ನಡುವೆ ದಿನಾ ಎಣಿಸಬೇಕಾಗುತ್ತದೆ.

ಹೆಜ್ಜೆ 3: ಒಂದು ವಾರ ಮುಂಚಿನ ಸುಳಿವು, ಪೋರ್ಟ್ ಮೋಲರ್

ಸಮುದ್ರದಿಂದ ಬರುವ ಮೀನು ಬ್ರಿಸ್ಟಲ್ ಬೇ ಒಳಗೆ ಸೇರುವ ಮೊದಲು ಪೋರ್ಟ್ ಮೋಲರ್ ಎಂಬಲ್ಲಿಂದ ಅಡ್ಡಲಾಗಿ ಎಳೆದ ಒಂದು ಗೆರೆಯನ್ನು ದಾಟುತ್ತವೆ. ಗೆರೆ ನೀರಿನ ಮೇಲೇನೂ ಇಲ್ಲ, ನಕ್ಷೆಯಲ್ಲಿದೆ. ಜೂನ್‌ನಿಂದ ಅಲ್ಲಿ ಪರೀಕ್ಷೆಯ ಬೋಟುಗಳು ಗೊತ್ತಾದ ಜಾಗಗಳಲ್ಲಿ ಬಲೆ ಬಿಟ್ಟು ಎಷ್ಟು ಸಿಕ್ಕಿತು ಅಂತ ಬರೆದುಕೊಳ್ಳುತ್ತವೆ. ಸಿಕ್ಕ ಮೀನಿನ ಚೂರನ್ನು ಜೀನ್ ಪರೀಕ್ಷೆಗೆ ಕಳಿಸುತ್ತಾರೆ. ಯಾವ ನದಿಯ ಪಾಲು ಎಷ್ಟು ಅನ್ನೋದು ಕೆಲವೇ ದಿನದಲ್ಲಿ ಗೊತ್ತಾಗುತ್ತದೆ. ಇಲ್ಲಿ ದಾಟಿದ ಮೀನು ಜಿಲ್ಲೆಗಳನ್ನು ಮುಟ್ಟೋಕೆ ಹೆಚ್ಚುಕಡಿಮೆ ಒಂದು ವಾರ ಬೇಕು.

ಪುಸ್ತಕದ ಎಡಪುಟದಲ್ಲಿ ಪೋರ್ಟ್ ಮೋಲರ್ ಅಂಕಿ ಬರೆಯಿರಿ. ಬಲಪುಟದಲ್ಲಿ ಏಳು ದಿನ ಮುಂದಿನ ತಾರೀಖು ಹಾಕಿ ಖಾಲಿ ಬಿಡಿ. ನೆನಪಿರಲಿ, ಇದು ಸೂಚ್ಯಂಕ ಮಾತ್ರ. 'ಇಂದು 60' ಅಂದರೆ ಅರವತ್ತು ಮೀನು ಅಂತಲ್ಲ, ಅರವತ್ತು ಲಕ್ಷ ಅಂತಲೂ ಅಲ್ಲ. ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಅನ್ನೋದಷ್ಟೇ ಮುಖ್ಯ. ಗಾಳಿ ಜೋರಿದ್ದ ದಿನ ಬೋಟು ಹೊರಡುವುದಿಲ್ಲ, ಆಗ ಅಂಕಿಯೇ ಇರುವುದಿಲ್ಲ. ಖಾಲಿಯನ್ನು ಸೊನ್ನೆ ಅಂತ ಬರೆದು ಮೊದಲ ವರ್ಷ ನಾನು ಎರಡು ದಿನ ಸುಮ್ಮಸುಮ್ಮನೆ ಗಾಬರಿಯಾಗಿದ್ದೆ.

ಹೆಜ್ಜೆ 4: ಟವರ್ ಎಣಿಕೆ ಅರ್ಥ ಮಾಡಿಕೊಳ್ಳಿ

ಇಡೀ ವ್ಯವಸ್ಥೆಯ ಹೃದಯ ಇದು. ಬಹಳ ಜನಕ್ಕೆ ನಂಬಿಕೆ ಬರುವುದಿಲ್ಲ, ಯಾಕೆಂದರೆ ಇಲ್ಲಿ ಉಪಗ್ರಹ ಇಲ್ಲ, ರೋಬಾಟ್ ಇಲ್ಲ. ನದಿಯ ದಡದಲ್ಲಿ ಒಂದು ಅಟ್ಟಣಿಗೆ. ನಮ್ಮ ಕಡೆ ಹಂದಿ ಕಾಯೋಕೆ ಗದ್ದೆಯಲ್ಲಿ ಕಟ್ಟುವ ಮಾಳದ ದೊಡ್ಡಣ್ಣ ಅನ್ನಿ. ಅದರ ಮೇಲೆ ಒಬ್ಬ ಹುಡುಗನೋ ಹುಡುಗಿಯೋ ನಿಂತಿರುತ್ತಾರೆ. ನೀರಿನ ಮಿನುಗು ಕಾಣದಿರಲಿ ಅಂತ ಪೋಲರಾಯ್ಡ್ ಕನ್ನಡಕ, ಕೈಯಲ್ಲಿ ಒತ್ತಿದರೆ 'ಟಕ್' ಅನ್ನುವ ಎಣಿಕೆ ಯಂತ್ರ. ಗಂಟೆಗೆ ಹತ್ತು ನಿಮಿಷ ಒಂದು ದಡ, ಹತ್ತು ನಿಮಿಷ ಇನ್ನೊಂದು ದಡ. ಹಗಲು ರಾತ್ರಿ, ಇಪ್ಪತ್ತನಾಲ್ಕು ಗಂಟೆಯೂ ಪಾಳಿ. ಕತ್ತಲಾದಾಗ ನೀರಿನ ಮೇಲೆ ದೀಪ.

ಹತ್ತು ನಿಮಿಷಕ್ಕೆ ಕಂಡದ್ದನ್ನು ಆರರಿಂದ ಗುಣಿಸಿದರೆ ಗಂಟೆಯ ಲೆಕ್ಕ. ಎಡದಡದಲ್ಲಿ 412 ಕಂಡರೆ 2,472. ಬಲದಡದಲ್ಲಿ 95 ಕಂಡರೆ 570. ಆ ಗಂಟೆಯಲ್ಲಿ ಹತ್ತಿದ್ದು 3,042. ಇಷ್ಟೇ. ಕೋಟ್ಯಂತರ ಡಾಲರ್‌ನ ಮೀನುಗಾರಿಕೆ ಈ ಗುಣಾಕಾರದ ಮೇಲೆ ನಿಂತಿದೆ.

ಇದು ಯಾಕೆ ನಡೆಯುತ್ತದೆ ಅಂದರೆ, ಸಾಕೈ ಮೀನು ನಡುಹೊಳೆಯ ಸೆಳೆತ ತಪ್ಪಿಸಿಕೊಂಡು ದಡ ಹಿಡಿದೇ ಹೋಗುತ್ತದೆ. ಮೇಲೆ ಸರೋವರ ಇರುವುದರಿಂದ ಹೂಳೆಲ್ಲ ಅಲ್ಲೇ ಕೂತು, ಕೆಳಗೆ ಬರುವ ನೀರು ತಿಳಿಯಾಗಿರುತ್ತದೆ. ನುಶಗಾಕ್ ನದಿಗೆ ಈ ಅನುಕೂಲ ಇಲ್ಲ, ನೀರು ಕದಡು. ಅಲ್ಲಿ ಸೋನಾರ್ ಇಟ್ಟಿದ್ದಾರೆ. ಶಬ್ದ ಕಳಿಸಿ, ಮೀನಿಗೆ ಬಡಿದು ಮರಳಿದ ಪ್ರತಿಧ್ವನಿಯನ್ನು ಎಣಿಸುವುದು. ಆದರೆ ಪ್ರತಿಧ್ವನಿ ತನ್ನ ಜಾತಿ ಹೇಳುವುದಿಲ್ಲ. ಹಾಗಾಗಿ ಪಕ್ಕದಲ್ಲೇ ಬಲೆ ಬಿಟ್ಟು ಯಾವ ಜಾತಿ ಎಷ್ಟು ಅಂತ ಪಾಲು ತೆಗೆಯಬೇಕು.

ಸಿಯಾಟಲ್‌ನಲ್ಲಿರುವವರು ಇದನ್ನು ಕೈಯಾರೆ ಮಾಡಿ ನೋಡಬಹುದು. ಸಮುದ್ರ ಸರೋವರಗಳ ನಡುವೆ ದೋಣಿಗಳನ್ನು ಏರಿಸಿ ಇಳಿಸುವ ಬ್ಯಾಲಾರ್ಡ್ ಲಾಕ್ಸ್ ಎಂಬ ಕಟ್ಟೆಯಲ್ಲಿ ಮೀನುಗಳಿಗಾಗಿ 21 ಮೆಟ್ಟಿಲಿನ ಏಣಿ ಇದೆ. ಅದರ ಪಕ್ಕ ನೆಲದಡಿಯ ಕೋಣೆಯಲ್ಲಿ ಗಾಜಿನ ಕಿಟಕಿ. ಜುಲೈನಲ್ಲಿ ಸಾಕೈ, ಆಗಸ್ಟ್‌ನಲ್ಲಿ ಚಿನೂಕ್, ಸೆಪ್ಟೆಂಬರ್‌ನಲ್ಲಿ ಕೋಹೋ, ಮೂರೂ ಸಾಲ್ಮನ್ ಜಾತಿಗಳೇ. ನಾನೂ ಮಗಳೂ ಹೋಗಿ ಒಂದೇ ಕಿಟಕಿಯ ಮುಂದೆ ಹತ್ತು ನಿಮಿಷ ಎಣಿಸಿದೆವು. ಹಸಿರು ಮಬ್ಬು ನೀರು, ಗುಳ್ಳೆಗಳ ಪರದೆ, ಅದರೊಳಗಿಂದ ಬೆಳ್ಳಿ ತಟ್ಟೆಯಂಥ ಮೈ ಒಂದು ಕ್ಷಣ ಹೊರಳಿ ಮಾಯ. ನಾನು 23 ಅಂದೆ, ಅವಳು 17. "ಅಪ್ಪಾ, ಆ ಮೂತಿ ಗಾಯದ ಮೀನನ್ನ ನೀನು ನಾಲ್ಕು ಸಲ ಎಣಿಸಿದ್ದೀಯ" ಅಂದಳು. ಹೌದು, ಅದು ಮುಂದೆ ಹೋಗಿ ಮತ್ತೆ ಹಿಂದೆ ಸರಿಯುತ್ತಿತ್ತು. ಎಣಿಕೆಗಾರರ ನಿಯಮ ಅಂದೇ ತಲೆಗೆ ಹೋಯಿತು: ಮೇಲಕ್ಕೆ ಹೋದರೆ ಕೂಡು, ಕೆಳಕ್ಕೆ ಬಂದರೆ ಕಳೆ.

ಹೆಜ್ಜೆ 5: ದಿನಾ ನಾಲ್ಕು ಅಂಕಿ, ಒಂದು ಗೆರೆ

ಜೂನ್ ಮೂರನೇ ವಾರದಿಂದ ಇಲಾಖೆಯ ದಿನದ ಪಟ್ಟಿ ನೋಡಿ ನಿಮ್ಮ ಜಿಲ್ಲೆಯ ಇಷ್ಟನ್ನು ಬರೆದುಕೊಳ್ಳಿ: ಇಂದು ಹಿಡಿದದ್ದು, ಈವರೆಗೆ ಹಿಡಿದದ್ದು, ಇಂದು ಹತ್ತಿದ್ದು, ಈವರೆಗೆ ಹತ್ತಿದ್ದು. ಕೊನೆಯದನ್ನು ಚೌಕಳಿ ಹಾಳೆಯ ಮೇಲೆ ಚುಕ್ಕೆ ಇಟ್ಟು ಗೆರೆ ಎಳೆಯಿರಿ. ಗುರಿಯ ಎರಡು ಅಡ್ಡಗೆರೆಗಳನ್ನು, ಎಗೆಗಿಕ್ ಆದರೆ 8 ಲಕ್ಷ ಮತ್ತು 20 ಲಕ್ಷ, ಮೊದಲೇ ಎಳೆದಿಟ್ಟಿರಿ. ನಿಮ್ಮ ಗೆರೆ ಹಾವಿನ ಹಾಗೆ ಮೊದಲು ನೆಲ ಹಿಡಿದು ತೆವಳುತ್ತದೆ. ಜುಲೈ ಮೊದಲ ವಾರ ಹೆಡೆ ಎತ್ತುತ್ತದೆ.

ಇಲ್ಲೊಂದು ಜಾರುವ ಜಾಗ ಇದೆ. ಟವರ್ ಇರುವುದು ಬಲೆ ಬಿಡುವ ಜಾಗಕ್ಕಿಂತ ಬಹಳ ಮೇಲೆ. ನದಿಯ ಉದ್ದಕ್ಕೆ ತಕ್ಕ ಹಾಗೆ ಮೀನು ಅಲ್ಲಿಗೆ ಮುಟ್ಟೋಕೆ ಒಂದೋ ಎರಡೋ ದಿನ, ಕೆಲವು ಕಡೆ ಅದಕ್ಕೂ ಜಾಸ್ತಿ ಬೇಕು. ಇಂದಿನ ಎಣಿಕೆ ಕಡಿಮೆ ಇದ್ದರೆ 'ಮೀನಿಲ್ಲ' ಅಂತ ತೀರ್ಮಾನಿಸಬೇಡಿ. ಮೊನ್ನೆ ಬಲೆ ನೀರಿನಲ್ಲಿತ್ತಾ ನೋಡಿ. ಬಲೆ ಇದ್ದ ದಿನದ ನೆರಳು ಟವರ್ ಮೇಲೆ ತಡವಾಗಿ ಬೀಳುತ್ತದೆ. ಈ ಅಂತರ ತುಂಬೋಕೆ ನದಿಯ ಕೆಳಭಾಗದಲ್ಲಿ ಇಲಾಖೆಯವರೇ ಸಣ್ಣ ಪರೀಕ್ಷೆ ಬಲೆ ಬಿಡುತ್ತಾರೆ, ವಿಮಾನದಲ್ಲಿ ಹಾರಿಯೂ ನೋಡುತ್ತಾರೆ. ಪಟ್ಟಿಯಲ್ಲಿ ನದಿಯೊಳಗಿನ ಅಂದಾಜು ಅಂತ ಬೇರೆ ಅಂಕಣ ಕಂಡರೆ ಅದು ಇದೇ.

ಹೆಜ್ಜೆ 6: ತಡವೋ, ಕಡಿಮೆಯೋ?

ಮೀನು ನಿರ್ವಹಣೆ ಮಾಡುವವರ ನಿದ್ದೆ ಕೆಡಿಸುವ ಪ್ರಶ್ನೆ ಇದೊಂದೇ. ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಜುಲೈ 5ಕ್ಕೆ ಎಗೆಗಿಕ್‌ನಲ್ಲಿ ಹತ್ತಿದ್ದು 3,10,000. ಮಾಮೂಲಿ ವರ್ಷ ಆ ಹೊತ್ತಿಗೆ ಅರ್ಧ ಹತ್ತಿರಬೇಕು ಅಂದರೆ ಕೊನೆಗೆ 6,20,000 ಆಗುತ್ತದೆ, ಗುರಿ ಮುಟ್ಟುವುದಿಲ್ಲ, ಬಲೆ ನಿಲ್ಲಿಸಬೇಕು. ಆದರೆ ಈ ವರ್ಷ ಮೀನು ನಾಲ್ಕು ದಿನ ತಡ, ಹತ್ತಿರೋದು ಶೇಕಡ 30 ಮಾತ್ರ ಅಂದರೆ? ಆಗ ಕೊನೆಗೆ 10 ಲಕ್ಷ ದಾಟುತ್ತದೆ, ಬಲೆ ಬಿಡಬಹುದು. ಅಂಕಿ ಅದೇ, ತೀರ್ಮಾನ ಪೂರಾ ಉಲ್ಟಾ.

2015ರಲ್ಲಿ ಹೀಗೇ ಆಯಿತು. ಜುಲೈ ಮೊದಲ ವಾರ ಕಳೆದರೂ ಮೀನು ಅಂದುಕೊಂಡಷ್ಟು ಕಾಣಲಿಲ್ಲ. ಸೀಸನ್ ಮುಗೀತು ಅಂತ ಕೆಲವರು ಕೈಚೆಲ್ಲಿದರು. ಆಮೇಲೆ ಬಂತು ನೋಡಿ ದಂಡು. ಕೊನೆಗೆ ಲೆಕ್ಕ 5 ಕೋಟಿ ದಾಟಿತು.

ತಡವೋ ಕಡಿಮೆಯೋ ಅಂತ ಊಹಿಸೋಕೆ ನಾನು ನೋಡುವುದು ಇಷ್ಟು. ಪೋರ್ಟ್ ಮೋಲರ್ ಅಂಕಿ ಇನ್ನೂ ಏರುತ್ತಿದೆಯಾ? ಏರುತ್ತಿದ್ದರೆ ದಂಡು ಹಿಂದೆ ಇದೆ. ಪಕ್ಕದ ಜಿಲ್ಲೆಗಳೂ ಮಂಕಾಗಿವೆಯಾ? ಎಲ್ಲ ಕಡೆ ಒಟ್ಟಿಗೆ ಮಂಕಾಗಿದ್ದರೆ ತಡ ಇರಬಹುದು. ನಿಮ್ಮ ನದಿಯೊಂದೇ ಮಂಕಾಗಿದ್ದರೆ ಕಡಿಮೆ ಇರಬಹುದು. ವಯಸ್ಸಿನ ಪಾಲಿನಲ್ಲಿ ಮುನ್ಸೂಚನೆ ಹೇಳಿದ್ದ ಒಂದು ಗುಂಪು ಪೂರ್ತಿ ಕಾಣೆಯಾಗಿದೆಯಾ? ಹಾಗಿದ್ದರೆ ಆ ಗುಂಪಿಗೆ ಸಮುದ್ರದಲ್ಲಿ ಏನೋ ಆಗಿದೆ, ಕಾದು ಪ್ರಯೋಜನ ಕಡಿಮೆ. ಇಷ್ಟೆಲ್ಲ ನೋಡಿಯೂ ನಾನು ತಪ್ಪು ಊಹಿಸಿದ್ದೇ ಹೆಚ್ಚು. ಅಲ್ಲಿ ಕೂತ ಜೀವಶಾಸ್ತ್ರಜ್ಞರಿಗೆ ಮೂವತ್ತು ನಲವತ್ತು ವರ್ಷದ ಪಟ್ಟಿ ಕೈಯಲ್ಲಿದೆ, ಆದರೂ ಜುಲೈ 5ರ ರಾತ್ರಿ ಅವರೂ ನಮ್ಮ ಹಾಗೆಯೇ ಕತ್ತಲಲ್ಲಿ ಕೈಯಾಡಿಸುತ್ತಿರುತ್ತಾರೆ.

ಹೆಜ್ಜೆ 7: ಓಪನಿಂಗ್ ಪ್ರಕಟಣೆ ಓದುವುದು

ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ತಾರೀಖು ಮೊದಲೇ ಗೊತ್ತು. ಮಲ್ಪೆಯಲ್ಲಿ ಬಲೆ ಹೆಣೆಯುತ್ತ ಕೂತವರಿಗೆ ಕ್ಯಾಲೆಂಡರ್ ನೋಡಿದರೆ ಸಾಕು. ನಮ್ಮ ಕಡಲಲ್ಲಿ ನೂರಾರು ಜಾತಿಯ ಮೀನು, ಅವನ್ನೆಲ್ಲ ಅಟ್ಟಣಿಗೆ ಹತ್ತಿ ಎಣಿಸೋಕೆ ಆಗುವುದಿಲ್ಲ, ಹಾಗಾಗಿ ತಾರೀಖೇ ಸರಿ. ಬ್ರಿಸ್ಟಲ್ ಬೇಯಲ್ಲಿ ಹತ್ತುವ ಮೀನು ಕಿರಿದಾದ ನದಿಯ ಬಾಯಿಯಿಂದಲೇ ಹೋಗಬೇಕು, ಎಣಿಸಬಹುದು. ಹಾಗಾಗಿ ಅಲ್ಲಿ ತೆರೆಯುವುದು ಮುಚ್ಚುವುದು ಗಂಟೆಯ ಲೆಕ್ಕದಲ್ಲಿ.

ಹೀಗೆ ಬಲೆ ಬಿಡೋಕೆ ತೆರೆದ ಹೊತ್ತೇ ಓಪನಿಂಗ್, ತೆರೆಯುವ ಮುಚ್ಚುವ ಅಪ್ಪಣೆಗೆ ತುರ್ತು ಆದೇಶ ಅನ್ನುತ್ತಾರೆ. ಗುರಿ ಮತ್ತು ಹಂಚಿಕೆಯ ನಿಯಮಗಳನ್ನು ಅಲಾಸ್ಕಾ ಮೀನುಗಾರಿಕೆ ಮಂಡಳಿ ಸಾರ್ವಜನಿಕ ಸಭೆಗಳಲ್ಲಿ, ಜಗಳವಾಡಿಯೇ, ಮೊದಲೇ ಬರೆದಿಟ್ಟಿರುತ್ತದೆ. ಇಂದು ಮಧ್ಯಾಹ್ನ ತೆರೆಯಬೇಕಾ ಅನ್ನೋದನ್ನು ತೀರ್ಮಾನಿಸುವುದು ಮಾತ್ರ ಅಲ್ಲೇ ಊರಲ್ಲಿ ಕೂತ ಇಲಾಖೆಯ ಜೀವಶಾಸ್ತ್ರಜ್ಞ. ಮಂತ್ರಿಗೆ ಫೋನ್ ಮಾಡಬೇಕಾಗಿಲ್ಲ. ಪ್ರಕಟಣೆ ಅಂತರ್ಜಾಲದಲ್ಲಿ ಬರುತ್ತದೆ, ಬೋಟಿನ ರೇಡಿಯೊದಲ್ಲಿ ಬರುತ್ತದೆ. ಡಿಲ್ಲಿಂಗ್‌ಹ್ಯಾಮ್ ಊರಿನ ಕೆಡಿಎಲ್‌ಜಿ ರೇಡಿಯೊ ಸೀಸನ್ ಪೂರ್ತಿ ಮೀನಿನ ಸುದ್ದಿ ಓದುತ್ತದೆ. ಅದನ್ನು ಅಂತರ್ಜಾಲದಲ್ಲಿ ಕೇಳಬಹುದು. ನಾನು ಪಾತ್ರೆ ತೊಳೆಯುತ್ತ ಕೇಳುತ್ತೇನೆ.

ಪ್ರಕಟಣೆಯಲ್ಲಿ ಮೂರು ವಿಷಯ ಹುಡುಕಿ. ಒಂದು, ಯಾರಿಗೆ. ಇಲ್ಲಿ ಎರಡು ಬಗೆಯ ಬಲೆ. ಬೋಟಿನಿಂದ ತೇಲಬಿಡುವ ಡ್ರಿಫ್ಟ್ ಬಲೆ, ಉದ್ದ 150 ಫ್ಯಾದಮ್, ಅಂದರೆ 900 ಅಡಿ. ದಡಕ್ಕೆ ಕಟ್ಟುವ ಸೆಟ್ ಬಲೆ, 50 ಫ್ಯಾದಮ್. ಎಗೆಗಿಕ್‌ನಲ್ಲಿ ಹಿಡಿದದ್ದರಲ್ಲಿ ಶೇಕಡ 86 ಡ್ರಿಫ್ಟ್‌ನವರಿಗೆ, 14 ಸೆಟ್‌ನವರಿಗೆ ಅಂತ ಹಂಚಿಕೆ. ಒಬ್ಬರ ಪಾಲು ಹೆಚ್ಚಾದರೆ ಇನ್ನೊಬ್ಬರಿಗೆ ಹೆಚ್ಚು ಗಂಟೆ ಕೊಟ್ಟು ಸರಿದೂಗಿಸುತ್ತಾರೆ. ಎರಡು, ಎಷ್ಟು ಗಂಟೆ. ಆ ಗಂಟೆಗಳ ಪಕ್ಕ ಉಬ್ಬರ ಇಳಿತದ ಪಟ್ಟಿ ಇಟ್ಟು ನೋಡಿ. ಅಲ್ಲಿ ನೀರು ಒಂದೇ ದಿನದಲ್ಲಿ ಎರಡಾಳು ಮೂರಾಳು ಎತ್ತರ ಏರಿ ಇಳಿಯುತ್ತದೆ, ಮೀನು ಉಬ್ಬರದ ಜೊತೆ ನುಗ್ಗುತ್ತದೆ. ಎಂಟು ಗಂಟೆ ತೆರೆದಿದ್ದಾರೆ ಅನ್ನೋದಕ್ಕಿಂತ ಯಾವ ಉಬ್ಬರವನ್ನು ಕೊಟ್ಟಿದ್ದಾರೆ, ಯಾವುದನ್ನು ನದಿಗೆ ಬಿಟ್ಟಿದ್ದಾರೆ ಅನ್ನೋದು ದೊಡ್ಡ ವಿಷಯ. ಮೂರು, ಗೆರೆ ಎಲ್ಲಿ. ಜಿಲ್ಲೆಯ ಗಡಿಗೆರೆ ದಾಟಿ ಬಲೆ ಬಿಟ್ಟರೆ ದಂಡ. ಹೊರಗಿಂದ ಬರುವ ಮೀನು ಮೊದಲು ಸಿಗುವುದು ಗೆರೆಯ ಅಂಚಿನಲ್ಲೇ, ಹಾಗಾಗಿ 32 ಅಡಿ ಮೀರದ ಆ ಬೋಟುಗಳೆಲ್ಲ ಅಲ್ಲೇ ಒಂದಕ್ಕೊಂದು ಒರೆಸಿಕೊಂಡು ನಿಂತಿರುತ್ತವೆ. ಗಡಿಯಾರ ನೋಡುತ್ತ, ಬಲೆಯ ತುದಿಗೆ ಕಟ್ಟಿದ ತೇಲುವ ಬುರುಡೆ ಕೈಯಲ್ಲಿ ಹಿಡಿದು. ಗಂಟೆ ಹೊಡೆದ ಕ್ಷಣಕ್ಕೆ ಬುರುಡೆ ನೀರಿಗೆ. ನಮ್ಮೂರ ಜಾತ್ರೆಯ ತೇರು ಎಳೆಯುವ ಕ್ಷಣದ ಹಾಗೆ.

ಡ್ರಿಫ್ಟ್‌ನವರು ಒಂದು ಜಿಲ್ಲೆಗೆ ಹೆಸರು ಕೊಟ್ಟಿರಬೇಕು. ಬೇರೆ ಜಿಲ್ಲೆಗೆ ಹೋಗಬೇಕಂದರೆ 48 ಗಂಟೆ ಬಲೆ ಮಡಚಿ ಕೂರಬೇಕು. ತುತ್ತತುದಿಯ ವಾರದಲ್ಲಿ ಎರಡು ದಿನ ಅಂದರೆ ವರ್ಷದ ದುಡಿಮೆಯ ದೊಡ್ಡ ತುಂಡು. ಹಾಗಾಗಿ ನಾವು ಚೌಕಳಿ ಹಾಳೆಯಲ್ಲಿ ಆಡುವ ಊಹೆಯ ಆಟವನ್ನು ಅವರು ಸಾಲದ ದುಡ್ಡಲ್ಲಿ ಆಡುತ್ತಿರುತ್ತಾರೆ.

ಆಟ ಹೀಗೆ ಆಡಿ: ರಾತ್ರಿ ಮಲಗುವ ಮೊದಲು 'ನಾಳೆ ತೆರೆಯುತ್ತಾರೆ' ಅಥವಾ 'ಇಲ್ಲ' ಅಂತ ಒಂದು ಸಾಲು ಬರೆದು, ಕಾರಣ ಬರೆಯಿರಿ. ಬೆಳಿಗ್ಗೆ ನೋಡಿ. ಗೆರೆ ಕೆಳಗಿನ ಗುರಿಯ ದಾರಿಗಿಂತ ಮೇಲಿದ್ದರೆ ತೆರೆಯುವುದೇ ಹೆಚ್ಚು. ಮೇಲಿನ ಗುರಿಯತ್ತ ಓಡುತ್ತಿದ್ದರೆ ದಿನಗಟ್ಟಲೆ ಮುಚ್ಚುವುದೇ ಇಲ್ಲ. ಆಗ ಮೀನು ಕೊಳ್ಳುವ ಕಾರ್ಖಾನೆಗಳೇ ಸಾಕು ಸಾಕು ಅನ್ನುತ್ತವೆ, ಬೋಟಿಗೆ ದಿನಕ್ಕೆ ಇಷ್ಟೇ ಪೌಂಡ್ ಅಂತ ಮಿತಿ ಹಾಕುತ್ತವೆ. ಓಪನಿಂಗ್ ಇದೆ, ಮೀನಿದೆ, ಕೊಳ್ಳುವವರಿಲ್ಲ. ಪಟ್ಟಿಯಲ್ಲಿ 'ಹಿಡಿದದ್ದು' ಇದ್ದಕ್ಕಿದ್ದ ಹಾಗೆ ಸಪಾಟಾಗಿ, 'ಹತ್ತಿದ್ದು' ಜಿಗಿದರೆ ಇದೂ ಒಂದು ಕಾರಣ ಇರಬಹುದು.

ಹೆಜ್ಜೆ 8: ಒಂದು ಮೀನಿಗಾಗಿ ಇನ್ನೊಂದನ್ನು ಕಾಯುವುದು

ಸಾಕೈ ಧಾರಾಳ ಇದ್ದರೂ ಕೆಲವು ದಿನ ತೆರೆಯುವುದಿಲ್ಲ. ತಲೆ ಕೆರೆದುಕೊಳ್ಳಬೇಡಿ, ಕಿಂಗ್ ಸಾಲ್ಮನ್ ಎಣಿಕೆ ನೋಡಿ. ಚಿನೂಕ್ ಅನ್ನೋದೂ ಇದನ್ನೇ. ದೊಡ್ಡ ಮೀನು, ಈಗೀಗ ಅಲಾಸ್ಕಾದ ಬಹಳ ನದಿಗಳಲ್ಲಿ ಕಡಿಮೆಯಾಗಿದೆ. ನುಶಗಾಕ್‌ನಲ್ಲಿ ಎರಡೂ ಒಟ್ಟಿಗೆ ಬರುತ್ತವೆ. ಸಾಕೈಗೆ ಬಿಟ್ಟ ಬಲೆಗೆ ಕಿಂಗ್ ಬೀಳುತ್ತದೆ. ಅದಕ್ಕೇ ಸೀಸನ್ ಶುರುವಿನಲ್ಲಿ ಓಪನಿಂಗ್ ತಡ ಮಾಡಿ ಕಿಂಗ್‌ಗೆ ದಾರಿ ಬಿಡುತ್ತಾರೆ.

ಉತ್ತರದ ಯೂಕಾನ್ ನದಿಯ ಕಥೆ ಇನ್ನೂ ಕಷ್ಟದ್ದು. ಅಲ್ಲಿ ಚಿನೂಕ್ ಎಷ್ಟು ಕುಸಿಯಿತೆಂದರೆ, 2024ರ ಏಪ್ರಿಲ್‌ನಲ್ಲಿ ಅಲಾಸ್ಕಾ ಮತ್ತು ಕೆನಡಾ ಸೇರಿ ಏಳು ವರ್ಷ ಅದನ್ನು ಹಿಡಿಯುವುದೇ ಬೇಡ ಅಂತ ಒಪ್ಪಂದ ಮಾಡಿಕೊಂಡವು. ಏಳು ವರ್ಷ ಅಂದರೆ ಆ ಮೀನಿನ ಒಂದು ಬಾಳು. ಗಡಿ ದಾಟಿ ಕೆನಡಾ ಸೇರುವ ಮೀನು 71,000 ಆಗಬೇಕು ಅನ್ನೋದು ಗುರಿ. ಆ ನದಿಯ ದಡದ ಮೂಲನಿವಾಸಿಗಳಿಗೆ ಚಿನೂಕ್ ಅಂದರೆ ಚಳಿಗಾಲದ ಊಟ. ಹೊಗೆ ಹಾಕಿ ಒಣಗಿಸುವ ಅವರ ಗುಡಿಸಲುಗಳು ಖಾಲಿ ನಿಂತಿವೆ. ಬ್ರಿಸ್ಟಲ್ ಬೇಯ ಏರುವ ಗೆರೆ ನೋಡಿ ಖುಷಿಪಡುವ ನಾನು ಯೂಕಾನ್ ಪಟ್ಟಿಯನ್ನೂ ವಾರಕ್ಕೊಮ್ಮೆ ತೆರೆಯುತ್ತೇನೆ. ಅಲ್ಲಿ ಗೆರೆ ಎಳೆಯೋಕೆ ಚೌಕಳಿಯ ಕೆಳಗಿನ ಸಾಲುಗಳೇ ಸಾಕಾಗುತ್ತವೆ.

ನೀವೇ ಹಿಡಿಯೋಕೆ ಹೋಗುವುದಾದರೆ

ಆಂಕರೇಜ್ ಕಡೆ ನೆಲೆಸಿರುವ ಕನ್ನಡಿಗರಿಗೆ ಎರಡು ಮಾತು. ಕೀನಾಯ್ ನದಿಯ ಬಾಯಲ್ಲಿ ಜುಲೈ 10ರಿಂದ 31ರವರೆಗೆ ಉದ್ದ ಹಿಡಿಯ ದೊಡ್ಡ ಗೋರುಬಲೆಯಲ್ಲಿ ಮನೆಬಳಕೆಗೆ ಮೀನು ಹಿಡಿಯಬಹುದು. ಇದು ಅಲಾಸ್ಕಾದ ಕಾಯಂ ನಿವಾಸಿಗಳಿಗೆ ಮಾತ್ರ, ನೆಂಟರಿಗೆ ಇಲ್ಲ. ಬೆಂಗಳೂರಿಂದ ಬಂದ ಭಾವನ ಕೈಗೆ 'ಒಂದ್ನಿಮಿಷ ಹಿಡ್ಕೊಳ್ಳಿ ಭಾವ' ಅಂತ ಬಲೆ ಕೊಡುವುದೂ ತಪ್ಪೇ. ಮನೆಯ ಯಜಮಾನರಿಗೆ 25 ಮೀನು, ಉಳಿದ ಪ್ರತಿಯೊಬ್ಬರಿಗೆ 10. ಲೈಸೆನ್ಸ್ ಜೊತೆಗೆ ಬೇರೆ ಪರ್ಮಿಟ್ ಬೇಕು. ಹಿಡಿದ ಮೀನಿನ ಬಾಲದ ಎರಡೂ ತುದಿ ಕತ್ತರಿಸಿ, ಜಾಗ ಬಿಡುವ ಮೊದಲೇ ಪರ್ಮಿಟ್‌ನಲ್ಲಿ ಬರೆಯಬೇಕು.

ಕೀನಾಯ್ ಸೋನಾರ್ ಇರುವುದು ಬಾಯಿಯಿಂದ 19 ಮೈಲಿ ಮೇಲೆ. ಅಲ್ಲಿ ಇಂದು ಲೆಕ್ಕ ಜಿಗಿದಿದೆ ಅಂದರೆ ಆ ಮೀನು ಬಾಯಿ ದಾಟಿ ಹೋಗಿ ಆಯಿತು. ಅಂಕಿ ನೋಡಿ ಗಾಡಿ ಹತ್ತುವವರು ಯಾವಾಗಲೂ ಮೀನಿನ ಹಿಂದೆಯೇ. ಏರಿಕೆ ಶುರುವಾದಾಗಲೇ ಹೊರಡಿ. ಹೊರಡುವ ದಿನ ಬೆಳಿಗ್ಗೆ ತುರ್ತು ಆದೇಶ ಇನ್ನೊಮ್ಮೆ ನೋಡಿ, ರಾತ್ರೋರಾತ್ರಿ ಬದಲಾಗಬಹುದು.

ಸಿಯಾಟಲ್‌ನವರು ಕಿಟಕಿಯಲ್ಲಿ ನೋಡಿ ಸಮಾಧಾನ ಪಡಬೇಕು. ಲೇಕ್ ವಾಷಿಂಗ್ಟನ್ ಸಾಕೈಗೆ ಗಾಳ ಹಾಕೋಕೆ ಕೊನೆಯ ಸಲ ಬಿಟ್ಟದ್ದು 2006ರಲ್ಲಿ. ಎಣಿಕೆ ಪ್ರತಿ ವರ್ಷ ನಡೆಯುತ್ತದೆ, ಗುರಿ ಮುಟ್ಟುವುದಿಲ್ಲ. ಅಂಗಡಿಯಲ್ಲಿ ಬ್ರಿಸ್ಟಲ್ ಬೇ ಸಾಕೈ ಸಿಗುತ್ತದೆ. ಕೆಂಪು ಮಾಂಸ, ತನ್ನದೇ ಎಣ್ಣೆ ಇದೆ. ಕಾವಲಿಗೆ ಎಣ್ಣೆ ಕಡಿಮೆ ಹಾಕಿ, ಹುಳಿ ಸ್ವಲ್ಪ ಮುಂದಾಗಿರಲಿ.

ಹೆಜ್ಜೆ 9: ಪುಸ್ತಕ ಮುಚ್ಚಬೇಡಿ

ಜುಲೈ ಕೊನೆಗೆ ಟವರ್‌ಗಳಲ್ಲಿ ಎಣಿಕೆ ಸಾವಿರಕ್ಕೆ, ನೂರಕ್ಕೆ ಇಳಿಯುತ್ತದೆ. ಹುಡುಗರು ಗುಡಾರ ಕಿತ್ತು ಊರಿಗೆ ಹೊರಡುತ್ತಾರೆ. ಪಟ್ಟಿ ನಿಲ್ಲುತ್ತದೆ. ಮೇಲೆ ಹತ್ತಿದ ಮೀನು ಬೆಳ್ಳಿ ಬಣ್ಣ ಕಳಕೊಂಡು ಕಡುಗೆಂಪಾಗಿ, ತಲೆ ಹಸಿರಾಗಿ, ಜಲ್ಲಿಯಲ್ಲಿ ಗುಂಡಿ ತೋಡಿ ಮೊಟ್ಟೆ ಇಟ್ಟು ಅಲ್ಲೇ ಸಾಯುತ್ತವೆ. ಆ ಭಾಗಕ್ಕೆ ದಿನದ ಪಟ್ಟಿ ಇಲ್ಲ.

ಸೀಸನ್ ಮುಗಿದ ಮೇಲೆ ವರ್ಷದ ವಯಸ್ಸಿನ ಪಾಲು ಪ್ರಕಟವಾದಾಗ ಹಿಂದಿನ ರಟ್ಟಿನ ಒಳಬದಿಯಲ್ಲಿ ಬರೆದಿಡಿ: 1.2 ಎಷ್ಟು, 2.2 ಎಷ್ಟು. ಅದರ ಪಕ್ಕ, ಮುಂದಿನ ವರ್ಷ 1.3 ಮತ್ತು 2.3 ಎಷ್ಟು ಬರಬಹುದು ಅಂತ ನಿಮ್ಮದೇ ಊಹೆ ಹಾಕಿ ತಾರೀಖು ಬರೆಯಿರಿ. ಇಲಾಖೆಯ ಅಂದಾಜು ಬರುವ ಮೊದಲೇ ಬರೆಯಬೇಕು, ಆಮೇಲೆ ಬರೆದರೆ ಮಜಾ ಇಲ್ಲ. ಹೋದ ವರ್ಷ ನನ್ನದು ದೂರದೂರಕ್ಕೂ ತಾಗಲಿಲ್ಲ. ಮಗಳದು ಹತ್ತಿರ ಬಂದಿತ್ತು.